ದನವೂ ಧನವೂ: ಸ್ಲಾವ್ ನಾಡಿನ ಒಂದು ಶಬ್ದದ ಕಥೆ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ‘ನನ್ನ ಅಜ್ಜಿಯ ಊರು’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆದು ತರಲು ಹೇಳಿದ್ದೆವು. ವಾರವೆಲ್ಲ ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಕಳೆದು, ಭಾನುವಾರ ಎರಡು ಗಂಟೆ ಮಾತ್ರ ಕನ್ನಡ ಅಕ್ಷರ ನೋಡುವ ಮಕ್ಕಳು. ಧಾರವಾಡದ ಕಡೆಯ ಒಬ್ಬ ಹುಡುಗ ‘ನಮ್ಮ ಅಜ್ಜಿಯ ಮನೆಯಲ್ಲಿ ಎಂಟು ಧನಗಳಿವೆ’ ಎಂದು ಬರೆದಿದ್ದ. ನಾವು ವಾಡಿಕೆಯಂತೆ ಕೆಂಪು ಶಾಯಿಯಿಂದ ಗೆರೆ ಎಳೆದು, ‘ಧ ಅಲ್ಲ, ದ’ ಎಂದು ತಿದ್ದಿ ಪುಸ್ತಕ ಮರಳಿಸಿದೆವು.

ಮರಳಿ ಮನೆಗೆ ಬರುವಾಗ ಲೋಕಲ್ ಗಾಡಿಯಲ್ಲಿ ಕುಳಿತಾಗ ಮನಸ್ಸಿಗೆ ಹೊಳೆಯಿತು. ಹುಡುಗ ಬರೆದದ್ದು ಇಂದಿನ ಕಾಗುಣಿತಕ್ಕೆ ತಪ್ಪು, ನಿಜ. ಆದರೆ ದನ ಎಂಬುದು ಧನದ ತದ್ಭವವೇ ಎಂದು ನಾವೇ ಅಲ್ಲವೇ ಶಾಲೆಯಲ್ಲಿ ಕಲಿತದ್ದು? ಹಾಗಾದರೆ ಆ ಹುಡುಗ ತಪ್ಪು ಮಾಡಲಿಲ್ಲ, ಕೆಲವು ನೂರು ವರ್ಷ ಹಿಂದಕ್ಕೆ ಹೋದನಷ್ಟೆ. ಮದರಾಸಿನಲ್ಲಿರುವ ನಮ್ಮವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ತಮಿಳಿನ ‘ಮಾಡು’ ಎಂದರೆ ದನ, ಹಳೆಯ ತಮಿಳಿನಲ್ಲಿ ಅದೇ ಶಬ್ದಕ್ಕೆ ಸಂಪತ್ತು ಎಂಬ ಅರ್ಥವೂ ಉಂಟು. ವಿದ್ಯೆಯೊಂದೇ ಕೇಡಿಲ್ಲದ ಸಂಪತ್ತೆಂದು ಹೇಳುವ ತಿರುಕ್ಕುರಳಿನ 400ನೆಯ ಪದ್ಯದಲ್ಲಿ ಸಂಪತ್ತಿಗೆ ಬಳಸಿರುವ ಮಾತು ಈ ‘ಮಾಡು’ವೇ.

ಇಷ್ಟು ನಮ್ಮ ಮನೆಯ ಮಾತು. ಈಗ ಓದುಗರನ್ನು ಬಹುದೂರದ ಒಂದು ನಾಡಿಗೆ ಕರೆದೊಯ್ಯಬೇಕಾಗಿದೆ. ದನಕ್ಕೂ ಧನಕ್ಕೂ ಇರುವ ಈ ನಂಟನ್ನು ಬೇರೆ ಯಾವ ಭಾಷೆಯೂ ರಷ್ಯನ್ ಭಾಷೆಯಷ್ಟು ಸ್ಪಷ್ಟವಾಗಿ ಕಾಗದದ ಮೇಲೆ ಉಳಿಸಿಟ್ಟಂತೆ ನಮಗೆ ಕಂಡಿಲ್ಲ. ಅಷ್ಟೇ ಅಲ್ಲ, ಆ ನಂಟು ನಾವೆಲ್ಲ ಎಣಿಸಿರುವುದಕ್ಕೆ ತಲೆಕೆಳಗಾಗಿರಬಹುದು ಎಂಬ ಅನುಮಾನವನ್ನು ಹುಟ್ಟಿಸಿದ್ದೂ ಅಲ್ಲಿನದೇ ಒಂದು ಶಬ್ದ.

ಆ ಶಬ್ದ ‘ಸ್ಕೊತ್’. ರಷ್ಯನ್ನರಿಗೆ ಇಂದು ಸ್ಕೊತ್ ಎಂದರೆ ಸಾಕುಪ್ರಾಣಿ, ದನಕರು, ಜಾನುವಾರು. ಹಸುವೊಂದಕ್ಕೆ ‘ಕೊರೊವಾ’, ಎತ್ತಿಗೆ ‘ವೊಲ್’, ಗೂಳಿಗೆ ‘ಬಿಕ್’, ಕುರಿಗೆ ‘ಒವ್ತ್ಸಾ’ ಎಂದು ಬೇರೆ ಬೇರೆ ಹೆಸರುಗಳಿವೆ. ಒಟ್ಟು ಹಟ್ಟಿಗೆ ಹಟ್ಟಿಯೇ ಸ್ಕೊತ್. ಸರಕಾರಿ ಕಾಗದಗಳಲ್ಲಿ ದನ ಎಮ್ಮೆಗಳ ಜಾತಿಗೆ ‘ದೊಡ್ಡ ಕೊಂಬಿನ ಸ್ಕೊತ್’ ಎಂಬರ್ಥದ ಮೂರು ಶಬ್ದಗಳ ಹೆಸರಿದೆ. ಅದರ ಮೊದಲಕ್ಷರಗಳನ್ನು ಸೇರಿಸಿ ಅವರು ‘ಕೆ.ಆರ್.ಎಸ್.’ ಎಂದು ಬರೆಯುತ್ತಾರೆ. ಮೈಸೂರಿನ ಕಡೆಯವರು ರಷ್ಯದ ಹೈನುಶಾಲೆಯೊಂದರ ಲೆಕ್ಕಪತ್ರದಲ್ಲಿ ‘ಕೆ.ಆರ್.ಎಸ್.’ ಎಂಬುದನ್ನು ಓದಿದರೆ ಕನ್ನಂಬಾಡಿ ಕಟ್ಟೆ ಇಲ್ಲಿಗೇಕೆ ಬಂತೆಂದು ಗಾಬರಿಯಾದಾರು!

ಆದರೆ ಸಾವಿರ ವರ್ಷ ಹಿಂದಿನ ಬರಹಗಳಲ್ಲಿ ಈ ಸ್ಕೊತ್ ಹುಲ್ಲು ಮೇಯುವುದಿಲ್ಲ, ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಕೀವ್ ನಗರದಲ್ಲಿ 12ನೆಯ ಶತಮಾನದ ಆರಂಭದಲ್ಲಿ ಸಿದ್ಧವಾದ ಒಂದು ವೃತ್ತಾಂತ ಗ್ರಂಥವಿದೆ. ನೆಸ್ತೊರ್ ಎಂಬ ಸಂನ್ಯಾಸಿಯ ಹೆಸರಿನೊಡನೆ ಅದನ್ನು ಸಂಪ್ರದಾಯವಾಗಿ ಜೋಡಿಸುತ್ತಾರೆ. ವರ್ಷ ವರ್ಷದ ಸಂಗತಿಗಳನ್ನು ಬರೆದಿಟ್ಟ ಪುಸ್ತಕ. 996ರ ಕೆಳಗೆ ಅದರಲ್ಲಿ ವ್ಲಾದಿಮಿರ್ ರಾಜನ ದಾನಶೀಲತೆಯ ಮಾತು ಬರುತ್ತದೆ. ಕ್ರೈಸ್ತನಾದ ಮೇಲೆ ಆತ, ಭಿಕ್ಷುಕರೂ ಬಡವರೂ ಅರಮನೆಯ ಅಂಗಳಕ್ಕೆ ಬಂದು ಅನ್ನಪಾನಗಳನ್ನೂ, ‘ಸ್ಕೊತ್ನಿತ್ಸಾ’ದಿಂದ ಹಣವನ್ನೂ ಪಡೆದು ಹೋಗಲಿ ಎಂದು ಆಜ್ಞೆ ಮಾಡಿದನಂತೆ. ಸ್ಕೊತ್ನಿತ್ಸಾ ಎಂದರೆ ಶಬ್ದಶಃ ‘ಸ್ಕೊತ್ ಇಡುವ ಜಾಗ’. ಅದು ಕೊಟ್ಟಿಗೆಯಲ್ಲ, ರಾಜನ ಬೊಕ್ಕಸ.

1018ರ ಕೆಳಗಿನ ಸಂಗತಿ ಇನ್ನೂ ಸ್ವಾರಸ್ಯ. ವ್ಲಾದಿಮಿರನ ಮಗ ಯಾರೊಸ್ಲಾವ್ ಪೋಲೆಂಡಿನ ಬೊಲೆಸ್ಲಾವನೊಡನೆ ಬುಗ್ ನದಿಯ ದಂಡೆಯಲ್ಲಿ ಕಾದಿ ಸೋತು, ಬರೀ ನಾಲ್ಕು ಜನರೊಡನೆ ಉತ್ತರದ ನೊವ್ಗೊರೊದ್ ಪಟ್ಟಣಕ್ಕೆ ಓಡಿಬಂದ. ಸಮುದ್ರ ದಾಟಿ ತಲೆಮರೆಸಿಕೊಳ್ಳುವ ಯೋಚನೆಯಲ್ಲಿದ್ದ. ಪಟ್ಟಣದ ಜನ ಬಿಡಲಿಲ್ಲ. ಅವನ ದೋಣಿಗಳನ್ನೇ ಕಡಿದುಹಾಕಿ, ‘ಇನ್ನೊಮ್ಮೆ ಕಾದೋಣ’ ಎಂದು ಸ್ಕೊತ್ ಕೂಡಿಸತೊಡಗಿದರು: ಸಾಮಾನ್ಯ ಗಂಡಾಳಿಗೆ 4 ಕುನಾ, ಊರ ಹಿರಿಯರಿಗೆ 10 ಗ್ರಿವ್ನಾ, ಶ್ರೀಮಂತ ಬೊಯಾರರಿಗೆ 18 ಗ್ರಿವ್ನಾ. ಆ ಸ್ಕೊತ್ ಕೊಟ್ಟು ಸಮುದ್ರದಾಚೆಯ ವರಾಂಗಿಯನ್ ಕೂಲಿ ಸೈನಿಕರನ್ನು ಕರೆಸಿದರು. ಇಲ್ಲಿ ದನವೆಂದು ಅರ್ಥ ಮಾಡಿದರೆ ಕಥೆ ಕೆಡುತ್ತದೆ. ಇದು ಮನೆಮನೆಯ ವಂತಿಗೆ. ನಮ್ಮ ಸಂಘಗಳವರು ರಾಜ್ಯೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಹೊರಡುವಂತೆಯೇ, ಶಕ್ತ್ಯನುಸಾರ ಎತ್ತಿದ ಹಣ.

ಆ ‘ಕುನಾ’ ಎಂಬುದೂ ಪ್ರಾಣಿಯೇ, ತುಪ್ಪುಳು ಚರ್ಮಕ್ಕಾಗಿ ಬೇಟೆಯಾಡುತ್ತಿದ್ದ ಮುಂಗುಸಿಯಂಥ ಕಾಡುಜೀವಿ. ಉತ್ತರದ ಕಾಡುಗಳಲ್ಲಿ ಅದರ ಚರ್ಮವೇ ನಾಣ್ಯದ ಹಾಗೆ ಕೈಯಿಂದ ಕೈಗೆ ಓಡಾಡುತ್ತಿತ್ತು. ಆ ಹೆಸರಿನ ನೆನಪಿನಲ್ಲಿ ಕ್ರೊಯೇಶಿಯಾ ದೇಶ 1994ರಲ್ಲಿ ತನ್ನ ನಾಣ್ಯಕ್ಕೆ ಕುನಾ ಎಂದೇ ಹೆಸರಿಟ್ಟಿತು. 2023ರ ಜನವರಿ 1ರಂದು ಯೂರೋ ಬಂದು ಅದನ್ನು ಕಾಡಿಗೆ ಅಟ್ಟಿತು.

ಇನ್ನೊಂದು ಸಾಕ್ಷಿ ದೇವರದು. ಹಳೆಯ ರಷ್ಯನ್ನರು ಬೈಜಾಂಟಿಯಂ ಸಾಮ್ರಾಜ್ಯದೊಡನೆ 907 ಮತ್ತು 971ರಲ್ಲಿ ಮಾಡಿಕೊಂಡ ಒಪ್ಪಂದಗಳಲ್ಲಿ ಪೆರುನ್ ಎಂಬ ಗುಡುಗಿನ ದೇವರ ಮೇಲೂ, ‘ಸ್ಕೊತ್‌ನ ದೇವರು’ ವೊಲೊಸ್‌ನ ಮೇಲೂ ಆಣೆಯಿಟ್ಟರೆಂದು ಅದೇ ವೃತ್ತಾಂತ ಹೇಳುತ್ತದೆ. ವ್ಯಾಪಾರದ ಮಾತು ಬಲವಾಗಿ ಬರುವ ಕರಾರಿನಲ್ಲಿ ದನ ಕಾಯುವ ದೇವರಿಗೆ ಏನು ಕೆಲಸ? ಆತ ಸಂಪತ್ತಿನ ದೇವರೂ ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ. ಮುಂದೆ ಕ್ರೈಸ್ತ ಧರ್ಮ ಬಂದಾಗ, ಹೆಸರಿನ ಹೋಲಿಕೆಯಿಂದಲೋ ಏನೋ, ಸಂತ ವ್ಲಾಸಿ ಆ ಜಾಗದಲ್ಲಿ ಕುಳಿತ. ಹಳ್ಳಿಯವರು ಅವನ ಚಿತ್ರಪಟವನ್ನು ಕೊಟ್ಟಿಗೆಯಲ್ಲಿ ತೂಗುಹಾಕತೊಡಗಿದರು. ಅಷ್ಟರಲ್ಲಿ ಸ್ಕೊತ್ ಎಂದರೆ ಬರೀ ದನ ಎಂದಾಗಿತ್ತು.

ಸ್ಕೊತ್‌ನ ಎರಡು ಮುಖಗಳನ್ನೂ ಒಟ್ಟಿಗೆ ತೋರಿಸುವ ಬರಹವೆಂದರೆ ‘ರುಸ್ಕಾಯ ಪ್ರಾವ್ದಾ’ ಎಂಬ ಕಾನೂನು. ಯಾರೊಸ್ಲಾವನೂ ಅವನ ಮಕ್ಕಳೂ 11ನೆಯ ಶತಮಾನದಲ್ಲಿ ಕಟ್ಟಿದ್ದು. ಅದರಲ್ಲಿ ಪ್ರಾಣಿಪ್ರಾಣಿಗೂ ದಂಡದ ದರಪಟ್ಟಿಯಿದೆ. ಅರಮನೆಯ ಮುದ್ರೆಯೊತ್ತಿದ ಕುದುರೆಗೆ 3 ಗ್ರಿವ್ನಾ, ರೈತನ ಕುದುರೆಗೆ 2. ಎತ್ತಿಗೆ ಒಂದು ಗ್ರಿವ್ನಾ. ಹಸುವಿಗೆ 40 ರೆಜಾನಾ. ಒಂದು ಗ್ರಿವ್ನಾಕ್ಕೆ 50 ರೆಜಾನಾ ಎಂಬುದು ಆಗಿನ ಲೆಕ್ಕವಾದ್ದರಿಂದ ಹಸುವಿನ ಬೆಲೆ ಎತ್ತಿಗಿಂತ ತುಸು ಕಡಿಮೆ. ಕರುವಿಗೆ 5 ರೆಜಾನಾ. ಇದನ್ನು ಓದುತ್ತ ಹೋದಾಗ ಯಾವುದೋ ಸಂತೆಯಲ್ಲಿ ನಿಂತ ಹಾಗೆಯೇ ಆಗುತ್ತದೆ. ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ರಾಜನ ಕುದುರೆ ಲಾಯದ ಮುಖ್ಯಸ್ಥನನ್ನು ಕೊಂದರೆ 80 ಗ್ರಿವ್ನಾ, ‘ಸ್ಮೆರ್ದ್’ ಎಂಬ ಸಾಮಾನ್ಯ ರೈತನನ್ನೋ ಗುಲಾಮನನ್ನೋ ಕೊಂದರೆ 5 ಗ್ರಿವ್ನಾ. ಅಂದರೆ ಉಳುವವನ ತಲೆಗೆ ಐದು ಎತ್ತುಗಳ ಬೆಲೆ. ನಾವು ಈ ಸಾಲನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿಟ್ಟೆವು.

ಇರಲಿ. ಮೊದಲಿನ ಪ್ರಶ್ನೆಗೆ ಬರೋಣ. ಹಣವೂ ದನವೂ ಒಂದೇ ಶಬ್ದವಾಗಿದ್ದರೆ, ಯಾವುದು ಮೊದಲು?

ಸುಲಭದ ಉತ್ತರ ಎಲ್ಲರ ನಾಲಿಗೆಯ ಮೇಲೂ ಇದೆ. ದನವೇ ಮೊದಲು, ನಾಣ್ಯ ಆಮೇಲೆ. ದನ ಕೊಟ್ಟು ದವಸ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ದನವೇ ಹಣ. ಲೋಹದ ಬಿಲ್ಲೆ ಬಂದಾಗ ಹಳೆಯ ಹೆಸರೇ ಅದಕ್ಕೂ ಅಂಟಿತು. ಲ್ಯಾಟಿನ್ ಭಾಷೆಯಲ್ಲಿ ಹಣಕ್ಕೆ ‘ಪೆಕೂನಿಯಾ’, ದನಕ್ಕೆ ‘ಪೆಕುಸ್’. ನಮ್ಮ ‘ಪಶು’ವಿನ ದಾಯಾದಿ ಅದು. ವಾರ್ರೊ ಎಂಬ ರೋಮನ್ ಪಂಡಿತ ಎರಡು ಸಾವಿರ ವರ್ಷದ ಹಿಂದೆಯೇ ಪೆಕೂನಿಯಾ ಎಂಬುದು ಪೆಕುಸಿನಿಂದ ಬಂತೆಂದು ಬರೆದಿಟ್ಟ. ಜರ್ಮನರ ವಿಷಯವಾಗಿ ತಾಸಿತುಸ್ ಕ್ರಿ.ಶ. 98ರಲ್ಲಿ ಬರೆಯುತ್ತ, ದನವೇ ಅವರಿಗೆ ಮೆಚ್ಚಿನ ಏಕಮಾತ್ರ ಸಂಪತ್ತು, ತಪ್ಪುದಂಡವನ್ನು ಕೂಡ ದನ ಕುದುರೆಗಳಲ್ಲೇ ತೆರುತ್ತಾರೆ ಎಂದ. ಹಳೆಯ ಇಂಗ್ಲಿಷಿನ ‘ಫೆಓಹ್’ ದನವೂ ಹೌದು, ಹಣವೂ ಹೌದು. ಇಂದು ನಾವು ತೆರುವ ಫೀಸಿನಲ್ಲೂ ಆ ದನ ಅಡಗಿ ಕುಳಿತಿದೆ ಎನ್ನುವವರುಂಟು.

ಸ್ಕೊತ್ ವಿಷಯದಲ್ಲಿ ಈ ಉತ್ತರ ಎಡವುತ್ತದೆ. ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿ ಇದು ಸ್ಲಾವರ ಸ್ವಂತ ಶಬ್ದವಲ್ಲ, ನೆರೆಯ ಜರ್ಮನಿಕ್ ಜನರಿಂದ ಬಂದ ಎರವಲು ಎನ್ನುತ್ತಾರೆ. ಆ ನೆರೆಯವರಲ್ಲಿ ಅದಕ್ಕೆ ಹಣವೆಂದೇ ಅರ್ಥ. 4ನೆಯ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ಪ ಗಾಥಿಕ್ ಭಾಷೆಗೆ ಬೈಬಲನ್ನು ಅನುವಾದಿಸಿದಾಗ, ಸೀಜರನ ಮುಖವಿದ್ದ ಆ ಪ್ರಸಿದ್ಧ ನಾಣ್ಯಕ್ಕೆ ಬಳಸಿದ ಶಬ್ದ ‘ಸ್ಕತ್ಸ್’. ಇಂದಿನ ಜರ್ಮನ್ ಭಾಷೆಯ ‘ಷಾಟ್ಸ್’ ಎಂದರೆ ನಿಧಿ. ಗಂಡ ಹೆಂಡತಿಯನ್ನು ಮುದ್ದಿನಿಂದ ಕರೆಯುವುದೂ ಹಾಗೆಯೇ, ನಮ್ಮಲ್ಲಿ ‘ಚಿನ್ನ’ ಎಂದಂತೆ. ಸ್ವೀಡನ್ನಿನಲ್ಲಿ ಅದೇ ಶಬ್ದಕ್ಕೆ ನಿಧಿ ಎಂಬುದರ ಜೊತೆಗೆ ತೆರಿಗೆ ಎಂಬ ಅರ್ಥವೂ ಇದೆ. ಎರಡೂ ಒಂದೇ ಎನ್ನಲು ಸರಕಾರದ ಕಡೆಯಿಂದ ನೋಡಬೇಕಷ್ಟೆ. ಹಳೆಯ ಫ್ರೀಸಿಯನ್ ಭಾಷೆಯೊಂದರಲ್ಲಿ ಮಾತ್ರ ಅದು ಹಣ, ದನ ಎರಡೂ ಆಗಿತ್ತು.

ಗಾಥರು ಕೆಲವು ಶತಮಾನ ಕಪ್ಪು ಸಮುದ್ರದ ಉತ್ತರಕ್ಕೆ ನೆಲೆಸಿದ್ದವರು. ಅವರಿಂದಲೂ ಅವರ ಬಳಗದವರಿಂದಲೂ ಸ್ಲಾವರು ಪಡೆದ ಶಬ್ದಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಂಗಡಿಯೇ ಕಣ್ಣಮುಂದೆ ಬರುತ್ತದೆ. ಕೊಳ್ಳುವುದಕ್ಕೆ ‘ಕುಪಿತ್’, ಗಾಜಿಗೆ ‘ಸ್ತೆಕ್ಲೊ’, ರೊಟ್ಟಿಗೆ ‘ಖ್ಲೆಬ್’. ಸಾಲಕ್ಕೆ ಹೇಳುವ ‘ದೊಲ್ಗ್’ ಕೂಡ ಅಲ್ಲಿಂದಲೇ ಬಂತೆಂದು ಹಲವರ ಮತ. ಈ ಗುಂಪಿನಲ್ಲಿ ಹಣದ ಶಬ್ದವೊಂದು ಇರುವುದು ಸಹಜ. (ಒಂಟೆಯ ಕಥೆ ಇದಕ್ಕಿಂತ ತಮಾಷೆಯದು. ಆನೆಗೆ ಗ್ರೀಕರು ಹೇಳುವ ‘ಎಲೆಫಾಸ್’ ಗಾಥರ ಬಾಯಲ್ಲಿ ‘ಉಲ್ಬಂದುಸ್’ ಎಂದು ಒಂಟೆಯಾಗಿ, ಅಲ್ಲಿಂದ ರಷ್ಯನ್ನರಲ್ಲಿ ‘ವೆರ್ಬ್ಲ್ಯೂದ್’ ಆಯಿತು. ಇಬ್ಬರೂ ಆನೆಯನ್ನಾಗಲಿ ಒಂಟೆಯನ್ನಾಗಲಿ ಸರಿಯಾಗಿ ನೋಡಿರಲಿಲ್ಲವೆಂದು ತೋರುತ್ತದೆ.)

ಈ ಎಲ್ಲ ವಾದಗಳನ್ನೂ ಒಂದೆಡೆ ತಂದವರಲ್ಲಿ ಮಾಕ್ಸ್ ಫಾಸ್ಮರ್ ಮುಖ್ಯರು. 1886ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ರಷ್ಯನ್ ಶಬ್ದಗಳ ವ್ಯುತ್ಪತ್ತಿಕೋಶಕ್ಕೆಂದು ಕೂಡಿಸಿದ ಚೀಟಿಗಳೂ ಇಡೀ ಪುಸ್ತಕಾಲಯವೂ 1944ರ ಜನವರಿಯಲ್ಲಿ ಬಾಂಬು ಬಿದ್ದು ಸುಟ್ಟುಹೋದವು. ಐವತ್ತೆಂಟರ ಹತ್ತಿರದ ವಯಸ್ಸು. ಮತ್ತೆ ಮೊದಲಿನಿಂದ ಆರಂಭಿಸಿ, 1950ರಿಂದ 1958ರೊಳಗೆ ಆ ಕೋಶವನ್ನು ಕಂತುಕಂತಾಗಿ ಹೊರತಂದರು. ಸ್ಕೊತ್ ಸ್ಲಾವರದೇ ಶಬ್ದ, ಜರ್ಮನಿಕ್ ಜನ ಅವರಿಂದಲೇ ಪಡೆದರು ಎನ್ನುವ ಪಕ್ಷವೂ ಒಂದಿದೆ ಎಂಬುದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾದೀತು. ನಮಗೆ ಎರವಲಿನ ವಾದವೇ ಹೆಚ್ಚು ಸರಿಯೆಂದು ಕಾಣುತ್ತದೆ.

ಹಾಗಿದ್ದರೆ ಹಣ ದನವಾಗುವುದು ಹೇಗೆ? ಉತ್ತರಕ್ಕಾಗಿ ಸ್ಲಾವ್ ಬಳಗದ ಉಳಿದ ಮನೆಗಳ ಬಾಗಿಲನ್ನು ತಟ್ಟಿದರೆ ಸಾಕು. ಪೋಲೆಂಡಿನಲ್ಲಿ ದನಕ್ಕೆ ಬರೆಯುವುದು ‘ಬಿದ್ಲೊ’ ಎಂದು. ‘ಇರು’ ಎಂಬರ್ಥದ, ಸಂಸ್ಕೃತದ ‘ಭೂ’ ಧಾತುವಿಗೆ ಒಡಹುಟ್ಟಾದ ಮೂಲದಿಂದ ಬಂದ ಶಬ್ದ. ಮೊದಲು ಅದಕ್ಕೆ ಇರವು, ವಾಸ ಎಂದರ್ಥ. ಪಕ್ಕದ ಚೆಕ್ ಜನ ಇಂದಿಗೂ ವಾಸಿಸು ಎನ್ನಲು ‘ಬಿದ್ಲೆತ್’ ಎನ್ನುತ್ತಾರೆ. ವಾಸದಿಂದ ಮನೆಮಾರು, ಮನೆಮಾರಿನಿಂದ ಆಸ್ತಿ, ಆಸ್ತಿಯಿಂದ ಕೊಟ್ಟಿಗೆಯ ದನ. ಅದೇ ಚೆಕ್ ಜನ ಜಾನುವಾರಿಗೆ ಹೇಳುವ ‘ದೊಬಿತೆಕ್’, ಬಲ್ಗೇರಿಯದ ‘ದೊಬಿತುಕ್’ ಎರಡೂ ‘ಗಳಿಸಿದ್ದು’ ಎಂಬ ಅರ್ಥದವು. ಕ್ರೊಯೇಶಿಯದಲ್ಲಿ ‘ಬ್ಲಾಗೊ’ ಎಂದರೆ ನಿಧಿ, ಹಳ್ಳಿಗರ ಮಾತಿನಲ್ಲಿ ದನಕರು. ಯುಕ್ರೇನಿನ ‘ಖುದೊಬಾ’ ಇನ್ನೂ ವಿನಯದ್ದು: ಬಡತನದ ಅಲ್ಪಸ್ವಲ್ಪ ವಸ್ತುವೊಡವೆ ಎಂದಿದ್ದುದು ಈಗ ದನಕರು. ರಷ್ಯನ್ನಿನ ಹಳೆಯ ‘ಝಿವೊತ್’ ನಮ್ಮ ‘ಜೀವ’ದ ಸಂಬಂಧಿ. ಬಾಳು ಎಂಬುದರ ಜೊತೆಗೆ ಅದಕ್ಕೆ ಸ್ವತ್ತು, ದನ ಎಂಬ ಅರ್ಥಗಳೂ ಇದ್ದವು. ಈಗ ಆ ಶಬ್ದಕ್ಕೆ ಹೊಟ್ಟೆ ಎಂದಷ್ಟೇ ಅರ್ಥ ಉಳಿದಿದೆ!

ಎಲ್ಲ ಮನೆಗಳಲ್ಲೂ ದಾರಿ ಒಂದೇ. ಮೊದಲು ‘ಇರುವುದು’, ‘ಗಳಿಸಿದ್ದು’, ‘ಬೆಲೆಯುಳ್ಳದ್ದು’. ಬೇಸಾಯಗಾರನ ಮನೆಯಲ್ಲಿ ಅಂಥದ್ದು ಯಾವುದೆಂದು ಕೇಳಿದರೆ ಅವನು ಕೊಟ್ಟಿಗೆಯ ಕಡೆಗೆ ಕೈ ತೋರಿಸುತ್ತಾನೆ. ಹೀಗೆ ಸಂಪತ್ತಿನ ಶಬ್ದ ಮೆಲ್ಲಮೆಲ್ಲನೆ ದನದ ಕೊರಳಿಗೆ ಬೀಳುತ್ತದೆ. ನಮ್ಮ ಧನ ದನವಾದದ್ದೂ ಇದೇ ದಾರಿಯಲ್ಲಿ. ಎಮಿಲ್ ಬೆನ್‌ವೆನಿಸ್ತ್ ಎಂಬ ಫ್ರೆಂಚ್ ವಿದ್ವಾಂಸರು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾರ್ರೊ ಪಂಡಿತನ ಮಾತನ್ನೇ ಅಲುಗಾಡಿಸಿದರು. ‘ಪಶು’ ಎಂಬುದಕ್ಕೂ ಮೊದಲ ಅರ್ಥ ಪ್ರಾಣಿಯಲ್ಲ, ಮನೆಯವನ ಚರಸ್ವತ್ತು, ನಡೆದಾಡುವ ಆಸ್ತಿ ಎಂದರು. ಅದಕ್ಕೆ ಅವರು ಕೊಟ್ಟ ಆಧಾರಗಳಲ್ಲೊಂದು ನಮ್ಮ ಅಥರ್ವವೇದ: ಅಲ್ಲಿ ಐದು ಪಶುಗಳನ್ನು ಎಣಿಸುವಾಗ ಹಸು, ಕುದುರೆ, ಆಡು, ಕುರಿಗಳ ನಡುವೆ ಮನುಷ್ಯನೂ ಇದ್ದಾನೆ. ಐದು ಎತ್ತಿನ ಬೆಲೆಯ ಆ ರಷ್ಯನ್ ರೈತ ನಮಗೆ ಮತ್ತೆ ನೆನಪಾದ.

‘ಗೋ’ ಶಬ್ದವೂ ಆ ನಾಡಿನಲ್ಲಿ ಇಲ್ಲದಿಲ್ಲ. ಸೆರ್ಬಿಯದಲ್ಲಿ ‘ಗೊವೆದೊ’ ಎಂದರೆ ಇಂದಿಗೂ ದನ. ರಷ್ಯನ್ನಿನಲ್ಲಿ ಅದು ಜೀವಂತ ಪ್ರಾಣಿಗೆ ಹೇಳುವ ಶಬ್ದವಾಗಿ ಸತ್ತು, ದನದ ಮಾಂಸಕ್ಕೆ ಹೇಳುವ ‘ಗೊವ್ಯಾದಿನಾ’ದಲ್ಲಿ ಮಾತ್ರ ಉಳಿದುಕೊಂಡಿದೆ.

ಸಂಪತ್ತಿನ ಶಬ್ದಗಳಿಗೆ ಕೊನೆಗೆ ಬಂದ ಗತಿಯನ್ನೂ ಹೇಳಬೇಕು. ರಷ್ಯನ್ನಿನಲ್ಲಿ ಒಬ್ಬನನ್ನು ‘ಸ್ಕೊತಿನಾ’ ಎಂದರೆ ಜಗಳಕ್ಕೆ ಕರೆದಂತೆ. ‘ಬಿದ್ಲೊ’ ಪೋಲೆಂಡಿನಿಂದ ಪೂರ್ವಕ್ಕೆ ಬಂದು, ಮಾತೆತ್ತದೆ ದುಡಿಯುವ ಜನಸ್ತೋಮವನ್ನು ಹಳಿಯುವ ಬೈಗುಳವಾಯಿತು. ನಮ್ಮಲ್ಲೂ ಮಾಸ್ತರರು ದಡ್ಡ ಹುಡುಗನಿಗೆ ‘ದನ ಕಾಯೋಕೆ ಹೋಗು’ ಎನ್ನುತ್ತಿದ್ದರಲ್ಲ! ದನವೇ ಧನವಾಗಿದ್ದ ಕಾಲದಲ್ಲಿ ಅದು ಬೈಗುಳವಾಗುತ್ತಿರಲಿಲ್ಲ, ಬ್ಯಾಂಕಿನ ಕೆಲಸಕ್ಕೆ ಹೋಗೆಂದಂತೆ ಆಗುತ್ತಿತ್ತು.

ಆದರೆ ರಷ್ಯದ ರೈತ ಹಳೆಯ ಅರ್ಥವನ್ನು ಮರೆತಿರಲಿಲ್ಲ ಎಂಬುದಕ್ಕೆ 20ನೆಯ ಶತಮಾನವೇ ಸಾಕ್ಷಿ. 1929ರ ಕೊನೆಯಲ್ಲಿ ಸ್ಟಾಲಿನ್ ಸರಕಾರ ಹೊಲಗಳನ್ನೂ ದನಗಳನ್ನೂ ಸಾಮೂಹಿಕ ಬೇಸಾಯಕ್ಕೆ ಸೇರಿಸಲು ಬಲವಂತ ಮಾಡಿದಾಗ, ರೈತರು ಹಟ್ಟಿಯ ದನಗಳನ್ನು ಒಪ್ಪಿಸುವ ಬದಲು ರಾತ್ರೋರಾತ್ರಿ ಕಡಿದರು. ಒಪ್ಪಿಸಿದ ದನಗಳಲ್ಲಿ ಲಕ್ಷಗಟ್ಟಲೆ ಮೇವಿಲ್ಲದೆ, ನೋಡುವವರಿಲ್ಲದೆ ಸತ್ತವು. ಷೋಲೊಖೊವರು ತಮ್ಮ ಕಾದಂಬರಿಯೊಂದರಲ್ಲಿ ಇದನ್ನು ಚಿತ್ರಿಸಿದ್ದಾರೆ. ಅಲ್ಲಿ ಒಬ್ಬ ಮುದುಕ ತನ್ನ ಕರುವನ್ನು ಕಡಿದು, ಮಿತಿಮೀರಿ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾನೆ. ಓದುವಾಗ ನಗು ಬರುತ್ತದೆ, ಆದರೆ ಲೆಕ್ಕ ನಗುವಂಥದ್ದಲ್ಲ. 1934ರ ಪಕ್ಷದ ಮಹಾಧಿವೇಶನದಲ್ಲಿ ಸ್ಟಾಲಿನನೇ ಒಪ್ಪಿಸಿದ ವರದಿಯಂತೆ, 1929ರಲ್ಲಿ 6.7 ಕೋಟಿಗೂ ಮೇಲಿದ್ದ ದನಗಳ ಸಂಖ್ಯೆ 1933ಕ್ಕೆ 4 ಕೋಟಿಗಿಂತ ಕೆಳಗಿಳಿದಿತ್ತು. ಕುದುರೆಗಳು ಅರ್ಧಕ್ಕಿಂತಲೂ ಕಡಿಮೆಯಾಗಿದ್ದವು. ಹಸಿವಿನಿಂದ ಸತ್ತ ಜನರ ಲೆಕ್ಕ ಆ ವರದಿಯಲ್ಲಿ ಇರಲಿಲ್ಲ. ಕೊನೆಗೆ 1935ರ ನಿಯಮಾವಳಿಯಲ್ಲಿ ಬೇಸಾಯದ ಬಹುಪಾಲು ಪ್ರದೇಶಗಳ ಕುಟುಂಬಗಳಿಗೆ ಸ್ವಂತಕ್ಕೆಂದು ಒಂದು ಹಸುವನ್ನು ಇಟ್ಟುಕೊಳ್ಳಲು ಅಪ್ಪಣೆ ಸಿಕ್ಕಿತು. ಆಮೇಲಿನ ಬರಗಾಲಗಳಲ್ಲೂ ಯುದ್ಧದಲ್ಲೂ ಎಷ್ಟೋ ಮನೆಗಳನ್ನು ಉಳಿಸಿದ್ದು ಆ ಒಂದೇ ಕೊರೊವಾ.

ಮುಂದಿನ ಭಾನುವಾರ ತರಗತಿಗೆ ಹುಡುಗನನ್ನು ಬಿಡಲು ಅವನ ತಂದೆ ಬಂದಿದ್ದರು. ಪುಸ್ತಕ ತೋರಿಸಿ, ‘ಎಂಟು ದನ ಅಂದರೆ ಒಳ್ಳೇ ಮನೆತನ’ ಎಂದೆವು. ಅವರು ಹುಡುಗ ಒಳಗೆ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ, ‘ಈ ಸಲ ರಜೆಗೆ ಅವನನ್ನ ಊರಿಗೆ ಕಳಿಸಲಿಲ್ಲರೀ ಸರ್, ಅವನಿಗೆ ಗೊತ್ತಿಲ್ಲ. ಅವ್ವನ ಕೈಲಿ ಆಗೋದಿಲ್ಲಂತ ಹೋದ ದೀಪಾವಳಿಗೇ ಎಲ್ಲಾ ಮಾರಿದ್ವಿ. ಒಂದು ಎಮ್ಮಿ ಅದ. ಬಂದ ರೊಕ್ಕ ಇವನ ಶಾಲಿ ಫೀಸಿಗೆ ಆತು’ ಎಂದರು.

ಪುಸ್ತಕದಲ್ಲಿ ಎಂಟೂ ಹಾಗೆಯೇ ಇವೆ. ಕೆಂಪು ಗೆರೆಯನ್ನೂ ನಾವು ಅಳಿಸಲಿಲ್ಲ. ಕಾಗುಣಿತ ಕಾಗುಣಿತವೇ.